ಕೆಂಡದ ಮೇಲೆ ಕೊರಬಾಡು

ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಮಾರಿಕುಪ್ಪಂ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಒಂದು ನಿಲ್ದಾಣದ ಹೆಸರು ಕೋರಮಂಡಲ್. ಸಮುದ್ರ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರ. ಆದರೂ ಕರಾವಳಿಯ ಹೆಸರು ಈ ಒಣನೆಲಕ್ಕೆ ಅಂಟಿಕೊಂಡಿದೆ. ಚಿನ್ನದ ಆಸೆಯಿಂದ ಇಲ್ಲಿ ನೆಲ ಬಗೆದವರು ಬಿಟ್ಟುಹೋದ ಹೆಸರುಗಳಲ್ಲಿ ಇದೂ ಒಂದು. 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ ಈ ಹಳಿಯ ಮೇಲೆ ಮುಂದೆ ಸಾಗಿದಂತೆ ಸೈನೈಡ್ ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಹುಡಿಯ ರಾಶಿಗಳವು. ಅವುಗಳ ಆಸುಪಾಸಿನಲ್ಲಿ ಸಾಲುಸಾಲಾಗಿ ಗಣಿಕಾರ್ಮಿಕರ ‘ಲೈನು’ ಮನೆಗಳು.

ಬಿಸಿಲು ಬಲಿತ ದಿನಗಳಲ್ಲಿ ಈ ಲೈನುಗಳ ನಡುವೆ ನಡೆದುಹೋದರೆ ಒಮ್ಮೊಮ್ಮೆ ಒಂದು ವಿಚಿತ್ರ ತೋರಣ ಕಣ್ಣಿಗೆ ಬೀಳುವುದುಂಟು. ಎರಡು ಗೂಟಗಳ ನಡುವೆ ಕಟ್ಟಿದ ದಾರ. ದಾರಕ್ಕೆ ಒತ್ತಾಗಿ ಪೋಣಿಸಿದ ಕಪ್ಪುಗೆಂಪು ಬಣ್ಣದ ಚೂರುಗಳು. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಕುಳಿತ ಹುಡುಗ ಅಥವಾ ಅಜ್ಜಿ. ಒಣಮೆಣಸಿನಕಾಯಿ ಇರಬಹುದೇ ಎಂದು ಹೊಸಬರು ಹತ್ತಿರ ಹೋಗಿ ನೋಡುತ್ತಾರೆ. ಅದು ಮಾಂಸ. ತಮಿಳರು ಇದನ್ನು ಉಪ್ಪುಕಂಡಂ ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳ ಕನ್ನಡದಲ್ಲಿ ಇದು ಕೊರಬಾಡು. ಬಾಡು ಎಂದರೆ ಮಾಂಸ ಎಂಬುದನ್ನು ಕೋಲಾರ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಬಂಗಾರಪೇಟೆ ಎಂದರೆ ಇಂದು ಬೆಂಗಳೂರಿಗರ ನೆನಪಿಗೆ ಬರುವುದು ತಿಳಿನೀರಿನಂಥ ಪಾನಿಯ ಪಾನಿಪುರಿ. ಅದರ ಹೆಸರು ಹೊತ್ತ ಬೋರ್ಡುಗಳು ರಾಜಧಾನಿಯ ಬೀದಿಬೀದಿಯಲ್ಲಿವೆ. ಕೊರಬಾಡಿಗೆ ಬೋರ್ಡಿಲ್ಲ. ಆದರೆ ಈ ನೆಲದಲ್ಲಿ ದುಡಿದವರ ಅಡುಗೆಯ ಚರಿತ್ರೆಯನ್ನು ಹುಡುಕುವವರು ಹಿಡಿಯಬೇಕಾದ ದಾರ ಆ ಗೂಟಗಳ ನಡುವಿನದೇ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಸಾವಿರಾರು ಕುಟುಂಬಗಳು ಗಣಿಗೆ ಬಂದವು. ಸುರಂಗಕ್ಕೆ ಇಳಿದವರಲ್ಲಿ ಬಹುಪಾಲು ಜನ ಭೂಮಿಯಿಲ್ಲದ ದಲಿತರು. ಊರಿನಲ್ಲಿ ಜಮೀನ್ದಾರನ ಹೊಲ, ಇಲ್ಲಿ ಕಂಪನಿಯ ಸುರಂಗ. ವ್ಯತ್ಯಾಸವೆಂದರೆ ಇಲ್ಲಿ ಕೈಗೆ ನಗದು ಸಿಗುತ್ತಿತ್ತು. ಸಂಬಳದ ದಿನ ಮಾಂಸ ತರಬಹುದಿತ್ತು. ಹಬ್ಬಕ್ಕೊಮ್ಮೆ ಮಾತ್ರ ಬಾಡಿನ ರುಚಿ ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ತಂದದ್ದನ್ನು ಉಳಿಸಿಕೊಳ್ಳುವುದು ಹೇಗೆ? ಶಿವನಸಮುದ್ರದಿಂದ 1902ರಲ್ಲಿ ಬಂದ ವಿದ್ಯುತ್ತು ಗಣಿಯ ಯಂತ್ರಗಳನ್ನು ತಿರುಗಿಸಿತು. ಲೈನುಮನೆಗೆ ರೆಫ್ರಿಜರೇಟರ್ ಬರಲು ಮುಂದೆ ಎಷ್ಟೋ ಕಾಲ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಉಪ್ಪು, ಮತ್ತು ಧಾರಾಳವಾದ ಬಿಸಿಲು.

ಕೊರಬಾಡು ಮಾಡುವ ವಿಧಾನ ನೋಡಲು ಸರಳ, ಆದರೆ ಕೈಗುಣ ಬೇಡುವಂಥದ್ದು. ಕೊಬ್ಬಿಲ್ಲದ ತೊಡೆಯ ಭಾಗವೇ ಒಳ್ಳೆಯದು. ಕೊಬ್ಬು ಒಣಗುವುದಿಲ್ಲ, ನಾಲ್ಕು ದಿನದಲ್ಲಿ ಮುಗ್ಗಲು ವಾಸನೆ ಹಿಡಿದು ಇಡೀ ಸರವನ್ನೇ ಕೆಡಿಸುತ್ತದೆ. ಮಾಂಸವನ್ನು ಎಳೆಯ ಉದ್ದಕ್ಕೆ, ಕಿರುಬೆರಳಿಗಿಂತ ತೆಳ್ಳಗೆ ಸೀಳಬೇಕು. ದಪ್ಪವಾದರೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಕೊಳೆಯುತ್ತದೆ. ಕಲ್ಲುಪ್ಪು, ಅರಿಸಿನ, ಖಾರದಪುಡಿ ಹಾಕಿ ಚೆನ್ನಾಗಿ ತಿಕ್ಕಿ ಒಂದು ರಾತ್ರಿ ಮಡಕೆಯಲ್ಲಿ ಬಿಡುತ್ತಾರೆ. ಕೆಲವರು ಬೆಳ್ಳುಳ್ಳಿಯನ್ನೂ ಜಜ್ಜಿ ಸೇರಿಸುವುದುಂಟು. ಬೆಳಗಾಗುವ ಹೊತ್ತಿಗೆ ಮಡಕೆಯ ತಳದಲ್ಲಿ ನೀರು ನಿಂತಿರುತ್ತದೆ. ಅದನ್ನು ಬಸಿದು, ಗೋಣಿ ಹೊಲಿಯುವ ದಬ್ಬಳದಿಂದ ಚೂರುಗಳನ್ನು ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಾರೆ. ಸಂಜೆ ಇಬ್ಬನಿ ಬೀಳುವ ಮುನ್ನ ಒಳಗೆ, ಮರುದಿನ ಮತ್ತೆ ಹೊರಗೆ. ಹೀಗೆ ನಾಲ್ಕೈದು ದಿನ. ಒಂದು ಚೂರನ್ನು ಬಗ್ಗಿಸಿದರೆ ಅದು ‘ಲಟಕ್’ ಎನ್ನಬೇಕು. ಬಳುಕಿದರೆ ಇನ್ನೂ ಒಂದು ದಿನ ಬಿಸಿಲು ಬೇಕು ಎಂದು ಲೆಕ್ಕ.

ಮಡಕೆಯ ತಳದಲ್ಲಿ ನಿಂತ ಆ ನೀರಿನಲ್ಲೇ ಇದರ ವಿಜ್ಞಾನವೂ ಇದೆ. ಹಸಿ ಮಾಂಸದ ತೂಕದಲ್ಲಿ ಮುಕ್ಕಾಲು ಪಾಲು ನೀರು. ಹೊರಗಿನ ಉಪ್ಪು ಜೀವಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಇದು ಶಾಲೆಯಲ್ಲಿ ಆಲೂಗೆಡ್ಡೆಯ ಚೂರಿನ ಮೇಲೆ ಉಪ್ಪು ಹಾಕಿ ತೋರಿಸುವ ಪರಾಸರಣವೇ. ಉಳಿದ ನೀರನ್ನು ಬಿಸಿಲೂ ಗಾಳಿಯೂ ಒಯ್ಯುತ್ತವೆ. ಒಂದು ಕಿಲೋ ಮಾಂಸ ಒಣಗಿ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಮೂರನೇ ಒಂದು ಭಾಗವಾಗುತ್ತದೆ. ಮಾಂಸವನ್ನು ಕೆಡಿಸುವ ಬ್ಯಾಕ್ಟೀರಿಯಾಗಳಿಗೂ ಕುಡಿಯಲು ನೀರು ಬೇಕು. ಇರುವ ಅಲ್ಪಸ್ವಲ್ಪ ನೀರನ್ನೂ ಉಪ್ಪು ಹಿಡಿದಿಟ್ಟುಕೊಂಡಾಗ ಅವು ಬೆಳೆಯಲಾರವು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಈ ಬಯಲಿನಲ್ಲಿ ಜನವರಿಯಿಂದ ಮುಂಗಾರಿನವರೆಗೆ ಗಾಳಿಯಲ್ಲಿ ತೇವ ಕಡಿಮೆ. ಬೆಳೆಗೆ ಶಾಪವಾದ ಈ ಒಣಹವೆ ಕೊರಬಾಡಿಗೆ ವರ.

ಕೊಡಗಿನಲ್ಲಿಯೂ ಮಾಂಸ ಒಣಗಿಸುವ ಪದ್ಧತಿಯಿದೆ. ಅಲ್ಲಿ ಅದು ‘ಒಣಕ್ ಎರ್ಚಿ’. ಆದರೆ ತಿಂಗಳುಗಟ್ಟಲೆ ಮಳೆ ಸುರಿಯುವ ಆ ನಾಡಿನಲ್ಲಿ ಬಿಸಿಲನ್ನು ನಂಬುವಂತಿಲ್ಲ. ಹಾಗಾಗಿ ಮಾಂಸವನ್ನು ಒಲೆಯ ಮೇಲ್ಗಡೆ ಹೊಗೆಗೆ ಕಟ್ಟುತ್ತಾರೆ. ಅಲ್ಲಿ ಹೊಗೆಯ ರುಚಿ, ಇಲ್ಲಿ ಬಿಸಿಲಿನ ರುಚಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದವರ ‘ಚಾರ್ಕಿ’ಯಿಂದ ಇಂಗ್ಲಿಷಿನ ‘ಜರ್ಕಿ’ ಬಂತು. ದಕ್ಷಿಣ ಆಫ್ರಿಕದವರದು ‘ಬಿಲ್‌ಟಾಂಗ್’. ಎಲ್ಲರೂ ತಂತಮ್ಮ ಹವೆಗೆ ತಕ್ಕಂತೆ ಒಂದೇ ಉಪಾಯ ಹೂಡಿದವರೇ.

ಒಣಗಿದ್ದನ್ನು ಸುಡುವುದು ಮುಂದಿನ ಹಂತ. ಉರಿಯ ಮೇಲಲ್ಲ, ಕೆಂಡದ ಮೇಲೆ. ಅನ್ನ ಬೆಂದು, ಸಾರು ಕುದಿದು, ಒಲೆಯಲ್ಲಿ ಉರಿ ಅಡಗಿದಾಗ ಕೆಂಡವನ್ನು ಮುಂದಕ್ಕೆ ಎಳೆದು ನಾಲ್ಕು ಚೂರುಗಳನ್ನು ನೇರವಾಗಿ ಅದರ ಮೇಲೆ ಹಾಕುತ್ತಾರೆ. ಇಕ್ಕಳದಿಂದ ಒಂದೆರಡು ಸಲ ಮಗುಚಿದರೆ ಮುಗಿಯಿತು. ಒಂದು ನಿಮಿಷದ ಕೆಲಸ. ಬೂದಿ ಕೊಡವಿ, ಗುಂಡುಕಲ್ಲಿನಿಂದ ಜಜ್ಜಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಸಣ್ಣ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆಗಿದ್ದರೆ ಮುದ್ದೆಗೂ ಆಯಿತು, ಗಂಜಿಗೂ ಆಯಿತು. ಮೂರು ಪಾಳಿಯಲ್ಲಿ ದುಡಿಯುವ ಮನೆಯಲ್ಲಿ ಯಾರು ಯಾವ ಹೊತ್ತಿಗೆ ಹಸಿದು ಬರುತ್ತಾರೋ ಹೇಳಲಾಗದು. ದಾರದಿಂದ ನಾಲ್ಕು ಚೂರು ಕಿತ್ತು ಕೆಂಡಕ್ಕೆ ಹಾಕುವಷ್ಟು ಸುಲಭದ ಊಟ ಇನ್ನೊಂದಿರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಆ ಆಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಲ್ಲಿ ಬೆವರಿನೊಂದಿಗೆ ಉಪ್ಪನ್ನೂ ಕಳೆದುಕೊಂಡು ಮೇಲೆ ಬಂದವನ ನಾಲಗೆ ಉಪ್ಪನ್ನು ಬೇಡಿದ್ದರೆ ಆಶ್ಚರ್ಯವಿಲ್ಲ.

ಒಂದೇ ನಿಮಿಷ ಸಾಕು ಏಕೆ? ಹಸಿ ಮಾಂಸವನ್ನು ಬೆಂಕಿಗೆ ಹಿಡಿದಾಗ ಮೊದಲು ಅದರ ನೀರು ಆವಿಯಾಗಬೇಕು. ನೀರಿರುವಷ್ಟು ಹೊತ್ತು ಮೇಲ್ಮೈಯ ಉಷ್ಣತೆ 100 ಡಿಗ್ರಿಯ ಆಚೆ ಏರುವುದಿಲ್ಲ. ಸುಟ್ಟ ಮಾಂಸದ ಘಮವೂ ಕಂದುಬಣ್ಣವೂ ಹುಟ್ಟುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಕೂಡಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಮಯ್ಯಾರ್. ಕೊರಬಾಡಿನಲ್ಲಿ ಆವಿಯಾಗಲು ನೀರೇ ಇಲ್ಲ. ಆ ಕೆಲಸವನ್ನು ಸೂರ್ಯ ಆಗಲೇ ಪುಕ್ಕಟೆಯಾಗಿ ಮುಗಿಸಿದ್ದಾನೆ. ಸೌದೆ ದುಬಾರಿಯಾದ ಊರಿನಲ್ಲಿ ಇದು ಬಡವರ ಲೆಕ್ಕಾಚಾರ. ಕೆಂಡ ಶಾಖವನ್ನು ವಿಕಿರಣವಾಗಿ ಒಂದೇ ಸಮನೆ ಕೊಡುತ್ತದೆ. ಉರಿ ನಾಲಗೆ ಚಾಚಿ ಒಂದು ಕಡೆ ಕರಿಕಲು ಮಾಡಿ ಇನ್ನೊಂದು ಕಡೆ ಹಸಿ ಬಿಡುತ್ತದೆ, ಮಸಿಯನ್ನೂ ಹಚ್ಚುತ್ತದೆ. ಹುಣಸೆ, ಜಾಲಿ ಮರದ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕೋಲಾರದ ಬಯಲನ್ನೆಲ್ಲ ಆಕ್ರಮಿಸಿದ ನೀಲಗಿರಿಯ ಹಸಿಕಟ್ಟಿಗೆಯಾದರೆ ಅದರ ಎಣ್ಣೆಯ ವಾಸನೆ ಊಟಕ್ಕೂ ಹತ್ತಿ, ನೆಗಡಿಗೆ ಹಚ್ಚುವ ಮುಲಾಮಿನ ನೆನಪಾಗುತ್ತದೆ!

ಅಮೆರಿಕದ ಬಾರ್ಬೆಕ್ಯೂ ಇದಕ್ಕೆ ತದ್ವಿರುದ್ಧ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ‘ಬಾರ್ಬಕೋವಾ’ದಿಂದ ಬಂದ ಹೆಸರದು. ಟೆಕ್ಸಾಸಿನಲ್ಲಿ ದನದ ಎದೆಯ ಗಟ್ಟಿ ಮಾಂಸವನ್ನು ಓಕ್ ಮರದ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ ಮಂದ ಶಾಖಕ್ಕೆ ಇಡುತ್ತಾರೆ. ಗಟ್ಟಿ ನಾರೆಲ್ಲ ಕರಗಿ ಜಿಲೆಟಿನ್ ಆಗುತ್ತದೆ. ಕೆರೊಲಿನಾದವರು ಹಂದಿಗೆ ವಿನೆಗರ್ ಚಿಮುಕಿಸುತ್ತಾರೆ, ಕಾನ್ಸಾಸ್ ಸಿಟಿಯವರು ಸಿಹಿಯಾದ ಟೊಮೇಟೊ ಸಾಸ್ ಬಳಿಯುತ್ತಾರೆ. ಅಲ್ಲಿ ನಾರನ್ನು ಹೊತ್ತು ಮುರಿಯುತ್ತದೆ, ಇಲ್ಲಿ ಗುಂಡುಕಲ್ಲು ಮುರಿಯುತ್ತದೆ. ಹನ್ನೆರಡು ಗಂಟೆ ಸೌದೆ ಉರಿಸುವ ಅನುಕೂಲ ಲೈನುಮನೆಯವರಿಗೆ ಎಲ್ಲಿತ್ತು?

ಗಣಿಯೂರಿನ ಬಂಗಲೆಗಳಲ್ಲಿ ಬ್ರಿಟಿಷರ ಕಾಲದ ‘ರೋಸ್ಟ್’ ಬೇರೆಯೇ ಲೋಕ. ‘ಲಿಟ್ಲ್ ಇಂಗ್ಲೆಂಡ್’ ಎಂದು ಕರೆಸಿಕೊಂಡ ಊರಲ್ಲವೆ? ಆದರೆ ಬಂಗಲೆಗೂ ಲೈನಿಗೂ ನಡುವೆ ಇದ್ದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಒಂದು ತಮಾಷೆ ನಡೆಯಿತು. ಅಲ್ಲಿಯೂ ಮಾಂಸವನ್ನು ತೆಳ್ಳಗೆ ಸೀಳಿ, ಉಪ್ಪು, ಅರಿಸಿನ, ಖಾರ ಹಚ್ಚಿ ಬಿಸಿಲಿಗೆ ಹಾಕುತ್ತಿದ್ದರು. ಜೊತೆಗೆ ಒಂದಿಷ್ಟು ವಿನೆಗರ್, ಕರಿಮೆಣಸು. ಹೆಸರು ಮಾತ್ರ ‘ಡಿಂಗ್ ಡಿಂಗ್’! ಅದನ್ನು ಜಜ್ಜಿ ಎಣ್ಣೆಯಲ್ಲಿ ಕರಿದು, ಅನ್ನ ಮತ್ತು ‘ಪೆಪ್ಪರ್ ವಾಟರ್’ ಜೊತೆ ತಿನ್ನುತ್ತಿದ್ದರು. ಪೆಪ್ಪರ್ ವಾಟರ್ ಎಂದರೆ ನಮ್ಮ ಮೆಣಸಿನ ಸಾರೇ. ಕೆ.ಜಿ.ಎಫ್‌ನಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಆಂಗ್ಲೋ-ಇಂಡಿಯನ್ ಅಡುಗೆಯ ಬಗ್ಗೆ ಹಲವು ಪುಸ್ತಕಗಳನ್ನು ಬರೆದು ಇಂಥ ತಿನಿಸುಗಳ ಹೆಸರನ್ನು ಉಳಿಸಿದ್ದಾರೆ. ಡಿಂಗ್ ಡಿಂಗ್‌ಗೆ ಪುಸ್ತಕದ ಮರ್ಯಾದೆ ಸಿಕ್ಕಿತು. ಹೆಚ್ಚುಕಡಿಮೆ ಅದೇ ಆದ ಕೊರಬಾಡು ಮಾತ್ರ ನೆಂಟರು ಬಂದಾಗ ಒಳಗೆ ಬಚ್ಚಿಡುವ ವಸ್ತುವಾಗಿಯೇ ಉಳಿಯಿತು. ಒಂದೇ ಮಾಂಸ, ಒಂದೇ ಉಪ್ಪು, ಒಂದೇ ಬಿಸಿಲು. ಜಾತಿ ಮಾತ್ರ ಬೇರೆ.

ಕೆಂಡದ ರುಚಿ ಗಣಿಯವರಿಗೆ ಮಾತ್ರ ಸೇರಿದ್ದಲ್ಲ. ಬಂಗಾರಪೇಟೆ ಸುತ್ತಲಿನ ರೈತರು ಎಳೆಯ ರಾಗಿತೆನೆಯನ್ನು ಕೆಂಡದಲ್ಲಿ ಬಾಡಿಸಿ ಅಂಗೈಯಲ್ಲಿ ಉಜ್ಜಿ ತಿಂದವರು, ಕಿತ್ತ ಕಡಲೆಕಾಯಿಯನ್ನು ಹೊಲದಲ್ಲೇ ಒಣತರಗಿಗೆ ಬೆಂಕಿಯಿಟ್ಟು ಸುಟ್ಟವರು, ಬದನೆಕಾಯಿ ಸುಟ್ಟು ಗೊಜ್ಜು ಮಾಡಿದವರು. ಭಾನುವಾರ ಮಾಂಸದಂಗಡಿಗಳ ಬಳಿ ಆಡು-ಕುರಿಯ ತಲೆ, ಕಾಲು ಸುಟ್ಟುಕೊಡುವುದೂ ಒಂದು ಕಸುಬೇ. ಕೂದಲಿನ ಪ್ರೋಟೀನಿನಲ್ಲಿ ಗಂಧಕವಿರುವುದರಿಂದ ಸುಡುವಾಗ ಮೂಗು ಮುಚ್ಚಿಕೊಳ್ಳಬೇಕು. ಕೆರೆದು ತೊಳೆದ ಮೇಲೆ ಚರ್ಮಕ್ಕೆ ಹತ್ತಿದ ಸುಟ್ಟ ಕಂಪೇ ಕಾಲುಸಾರಿನ ಜೀವ. ಈಗ ಗ್ಯಾಸಿನ ಉರಿ ಹಿಡಿದು ಸುಡುವವರು ಹೆಚ್ಚು. ಕೆಲಸ ಬೇಗ ಮುಗಿಯುತ್ತದೆ, ಕಂಪು ಅಷ್ಟಕ್ಕಷ್ಟೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತಿತು. ಅಂದಿನಿಂದ ಸಾವಿರಾರು ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ನಾಲ್ಕೈದು ದಿನ ಕಾಗೆ ಕಾಯುತ್ತ ಕುಳಿತುಕೊಳ್ಳಲು ಮನೆಯಲ್ಲಿ ಯಾರಿದ್ದಾರೆ? ಸೌದೆಯ ಒಲೆ ಹೋಗಿ ಗ್ಯಾಸ್ ಬಂದಿದೆ, ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಅದು ಒಳ್ಳೆಯದೇ. ಆದರೆ ಗ್ಯಾಸಿನಲ್ಲಿ ಕೆಂಡವಿಲ್ಲ. ಬಾಣಲೆಯಲ್ಲಿ ಎಣ್ಣೆ ಹಾಕಿ ಹುರಿದು ಸಮಾಧಾನ ಪಡಬೇಕು.

ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಕಾನೂನಿನದು. ಲೈನುಗಳ ಕೊರಬಾಡು ಬಹುಪಾಲು ದನದ್ದೇ. ಅಗ್ಗವಾಗಿ ಸಿಗುತ್ತಿದ್ದದ್ದು ಅದೊಂದೇ. ಜಾನುವಾರು ಹತ್ಯೆ ತಡೆಯುವ 2020ರ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ರಾಜ್ಯದಲ್ಲಿ ಕಾನೂನುಬದ್ಧವಾಗಿ ಕಡಿಯಬಹುದಾದದ್ದು ಹದಿಮೂರು ವರ್ಷ ಮೀರಿದ ಎಮ್ಮೆ-ಕೋಣವನ್ನು ಮಾತ್ರ. ಮುದಿ ಎಮ್ಮೆಯ ನಾರು ಗುಂಡುಕಲ್ಲಿಗೂ ಬಗ್ಗದು. ಆಡಿನ ಮಾಂಸದ ಬೆಲೆ ಕೇಳಿದರೆ, ಮೂರು ಕಿಲೋ ಒಣಗಿಸಿ ಒಂದು ಕಿಲೋ ಮಾಡಿಕೊಳ್ಳಲು ಯಾರಿಗೂ ಮನಸ್ಸು ಬಾರದು. ಕಾಯ್ದೆಯ ಪರ-ವಿರೋಧ ಏನೇ ಇರಲಿ, ಬಡವರ ಪ್ರೋಟೀನಿನ ಲೆಕ್ಕವನ್ನು ಅದನ್ನು ಬರೆದವರು ಹಾಕಿದಂತೆ ಕಾಣುವುದಿಲ್ಲ.

ಹಾಗೆಂದು ಕೊರಬಾಡನ್ನು ಅಮೃತವೆಂದು ಹೊಗಳಬೇಕಾಗಿಯೂ ಇಲ್ಲ. ರಕ್ತದೊತ್ತಡವಿದ್ದವರಿಗೆ ಅದರ ಉಪ್ಪು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಉಪ್ಪು ಹಾಕಿ, ಹೊಗೆ ಹಾಕಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಕಪ್ಪಗೆ ಸೀದದ್ದನ್ನು ತಿನ್ನದಿರುವುದೇ ಲೇಸು. ದಾರದಿಂದ ನಾಲ್ಕೇ ಚೂರು ಕೀಳುತ್ತಿದ್ದ ಅಜ್ಜಿಯರ ಬಡತನದ ಮಿತಿ ಈ ದೃಷ್ಟಿಯಿಂದ ಒಳ್ಳೆಯದೇ ಆಗಿತ್ತು.

ಬೆಂಗಳೂರಿನ ಹೋಟೆಲುಗಳಲ್ಲಿ ಈಗ ಮೇಜಿನ ನಡುವೆಯೇ ಕೆಂಡದ ಪೆಟ್ಟಿಗೆ ಇಟ್ಟು ಸರಳಿಗೆ ಚುಚ್ಚಿದ ತುಂಡುಗಳನ್ನು ಸುಟ್ಟು ತಿನ್ನುವುದು ಫ್ಯಾಷನ್ನು. ಅಂಥ ಊಟದ ಬಿಲ್ಲಿನ ದುಡ್ಡಿಗೆ ಕೋರಮಂಡಲ್‌ನಿಂದ ಬೆಂಗಳೂರಿಗೆ ಹಲವು ತಿಂಗಳ ರೈಲ್ವೆ ಪಾಸು ಬರುತ್ತದೆ. ಆ ಪಾಸು ಇಟ್ಟುಕೊಂಡು ದಿನವೂ ಓಡಾಡುವವರಲ್ಲಿ ಕೆಲವರ ಚೀಲದೊಳಗೆ, ಊಟದ ಡಬ್ಬಿಯ ಪಕ್ಕ, ಹಳೆ ಪತ್ರಿಕೆಯಲ್ಲಿ ಸುತ್ತಿ ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಸಿದ ಸಣ್ಣ ಪೊಟ್ಟಣ ಇರುವುದುಂಟು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿರುವ ಮಗಳಿಗೋ ತಮ್ಮನಿಗೋ ಅಮ್ಮ ಕಟ್ಟಿಕೊಟ್ಟದ್ದು. ಮನೆಮಾಲೀಕರು ಊರಿಗೆ ಹೋದ ದಿನ ನೋಡಿ ಹುರಿದುಕೊಳ್ಳಬೇಕು ಎಂಬ ಎಚ್ಚರಿಕೆಯೂ ಅದರ ಜೊತೆಗಿರುತ್ತದೆ.