ಹಸುಗೂಸಿನ ಮಲಬದ್ಧತೆ

ಕೂಸು ಎರಡು ದಿನ ಮಲ ವಿಸರ್ಜಿಸದಿದ್ದರೆ, ಹಲಸೂರಿನಂತಹ ಹಳೆಯ ಬಡಾವಣೆಗಳಲ್ಲಿ ಹಿರಿಯರು ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಗುದದಲ್ಲಿಡುವುದುಂಟು. ಉದ್ದೇಶವೇನೋ ಒಳ್ಳೆಯದೇ, ಆದರೆ ಎಳೆಯ ಗುದಕ್ಕೆ ಗಾಯವಾದೀತು. ಎಣಿಸಬೇಕಾದುದು ದಿನಗಳನ್ನಲ್ಲ, ನೋಡಬೇಕಾದುದು ಮಲದ ಸ್ವರೂಪವನ್ನು. ಎದೆಹಾಲನ್ನೇ ಉಣ್ಣುವ ಕೂಸು ಒಂದೂವರೆ ತಿಂಗಳು ತುಂಬಿದ ಮೇಲೆ ಐದಾರು ದಿನಕ್ಕೊಮ್ಮೆ ಮೆತ್ತಗೆ ವಿಸರ್ಜಿಸಿದರೂ ಅದು ಮಲಬದ್ಧತೆಯಲ್ಲ. ಮೊದಲ ವಾರಗಳಲ್ಲಾದರೋ ಅದು ಹಾಲು ಸಾಲದಿರುವುದರ ಸೂಚನೆಯಾಗಬಹುದು; ತೂಕ ನೋಡಿಸಬೇಕು. ಹಿಕ್ಕೆಯಂತೆ ಗಟ್ಟಿಯಾದ ಮಲವೇ ನಿಜವಾದ ಲಕ್ಷಣ. ಪುಡಿಹಾಲು ಕುಡಿಯುವ ಕೂಸುಗಳಲ್ಲಿ ಇದು ಹೆಚ್ಚು. ಪುಡಿಯ ಅಳತೆ ಮೀರಬಾರದು. ಹೊಟ್ಟೆ ನೀವುವುದು, ಸೈಕಲ್ ತುಳಿಸಿದಂತೆ ಕಾಲಾಡಿಸುವುದು ಹಿತಕರ. ವರ್ಷ ತುಂಬುವವರೆಗೆ ಜೇನುತುಪ್ಪ ಕೂಡದು. ಹುಟ್ಟಿದ 24 ಗಂಟೆಗಳಲ್ಲಿ ಮೊದಲ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆಯುಬ್ಬರಿಸಿ ಹಸಿರು ವಾಂತಿಯಾದರೆ, ಶಿವಾಜಿನಗರದ ಘೋಷಾ ಅಥವಾ ಬೌರಿಂಗ್ ಆಸ್ಪತ್ರೆಗೆ ಕೂಡಲೇ ಒಯ್ಯತಕ್ಕದ್ದು. ಕರುಳಿನ ಜನ್ಮಜಾತ ದೋಷವಿದ್ದಲ್ಲಿ ಶಸ್ತ್ರಚಿಕಿತ್ಸೆಯೇ ಬೇಕಾದೀತು.