ಚಿತ್ರೀಕರಣ ಸ್ಥಳದ ಧ್ವನಿಮುದ್ರಣ: ಹಣ ಹೂಡುವ ಮುನ್ನ ತಿಳಿಯಬೇಕಾದ ಅಂಶಗಳು

ಚಲನಚಿತ್ರಕ್ಕೆ ಬಂಡವಾಳ ಹೂಡುವುದು ವರ್ತಕ ವರ್ಗಕ್ಕೆ ಹೊಸತೇನಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಿರ್ಮಾಪಕರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ, ಚಿತ್ರೀಕರಣ ನಡೆದದ್ದು ಗಡಿಯಾಚೆಯ ಕೊಲ್ಹಾಪುರದಲ್ಲಿ. ಅಂದು ಕ್ಯಾಮೆರಾದ ಮುಂದೆ ಆಡಿದ ಮಾತೇ ತೆರೆಯ ಮೇಲೂ ಕೇಳಿಬರುತ್ತಿತ್ತು.

ಇಂದು ಎರಡು ವಿಧಾನಗಳಿವೆ. ಮೊದಲನೆಯದು ‘ಸಿಂಕ್ ಸೌಂಡ್’. ಇದರಲ್ಲಿ ಉದ್ದ ಕೋಲಿಗೆ ಕಟ್ಟಿದ ಮೈಕ್ ಹಾಗೂ ಉಡುಪಿನೊಳಗಿನ ಸಣ್ಣ ಮೈಕ್‌ಗಳ ಮೂಲಕ ಸಂಭಾಷಣೆಯನ್ನು ಸ್ಥಳದಲ್ಲಿಯೇ ಮುದ್ರಿಸಿ, ಅದನ್ನೇ ಚಿತ್ರದಲ್ಲಿ ಬಳಸಲಾಗುತ್ತದೆ. ಕ್ಲಾಪ್ ಹಲಗೆಯ ಸದ್ದನ್ನು ಆಧಾರವಾಗಿಟ್ಟುಕೊಂಡು ಧ್ವನಿಯನ್ನೂ ಚಿತ್ರವನ್ನೂ ಹೊಂದಿಸಲಾಗುತ್ತದೆ. ಎರಡನೆಯದು ಡಬ್ಬಿಂಗ್. ಇಲ್ಲಿಯೂ ಸ್ಥಳದಲ್ಲಿ ಧ್ವನಿ ಮುದ್ರಣವಾಗುತ್ತದೆ. ಆದರೆ ಅದು ಮಾರ್ಗದರ್ಶನಕ್ಕೆ ಮಾತ್ರ. ಕಲಾವಿದರು ಸ್ಟುಡಿಯೋದಲ್ಲಿ ಮತ್ತೊಮ್ಮೆ ಮಾತನಾಡುತ್ತಾರೆ.

ಸಿಂಕ್ ಸೌಂಡ್‌ನಲ್ಲಿ ಸ್ಟುಡಿಯೋ ಖರ್ಚು ಉಳಿಯುವುದೆಂಬುದು ಅರ್ಧ ಸತ್ಯ. ಚಡಚಣದ ಪೇಟೆಯಲ್ಲಿ ಒಂದು ದೃಶ್ಯವನ್ನು ಚಿತ್ರೀಕರಿಸಬೇಕಾದರೆ ಜನರೇಟರನ್ನು ದೂರವಿಡಬೇಕು, ಫ್ಯಾನು ನಿಲ್ಲಿಸಬೇಕು, ವಾಹನಗಳನ್ನು ತಡೆಯಬೇಕು. ಒಂದು ಹಾರ್ನ್ ಕೇಳಿಸಿದರೂ ದೃಶ್ಯವನ್ನು ಪುನಃ ತೆಗೆಯಬೇಕಾಗಬಹುದು. ದಿನಗಳು ಹೆಚ್ಚಿದಂತೆ ಬಾಡಿಗೆ, ಊಟ, ಸಂಭಾವನೆಗಳೂ ಹೆಚ್ಚುತ್ತವೆ. ಆದರೆ ಸ್ಥಳೀಯ ಕಲಾವಿದರ ಬಾಯಿಂದ ಸಹಜವಾಗಿ ಬಂದ ನಮ್ಮ ಭಾಗದ ಮಾತಿನ ಧಾಟಿಯನ್ನು ತಿಂಗಳುಗಳ ನಂತರ ಸ್ಟುಡಿಯೋದಲ್ಲಿ ಮರಳಿ ಪಡೆಯುವುದು ಕಷ್ಟ. ಆದ್ದರಿಂದ ಎರಡೂ ವಿಧಾನಗಳ ಒಟ್ಟು ವೆಚ್ಚವನ್ನು ಹೋಲಿಸಿಯೇ ನಿರ್ಧರಿಸುವುದು ಸೂಕ್ತ.

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ‘ಡೊಳ್ಳು’ ಚಿತ್ರದ ಪ್ರಸಂಗವನ್ನು ಗಮನಿಸಬಹುದು. 2022ರ ಜುಲೈನಲ್ಲಿ ಘೋಷಣೆಯಾದ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ, ಸಿಂಕ್ ಸೌಂಡ್ ಚಿತ್ರಗಳಿಗೆ ಮಾತ್ರ ಮೀಸಲಾದ ಸ್ಥಳ ಧ್ವನಿಮುದ್ರಣ ಪ್ರಶಸ್ತಿ ಈ ಕನ್ನಡ ಚಿತ್ರಕ್ಕೆ ಲಭಿಸಿತು. ಆದರೆ ಇದು ಡಬ್ಬಿಂಗ್ ಮಾಡಿದ ಚಿತ್ರವೆಂದು ಅದರ ಧ್ವನಿ ವಿನ್ಯಾಸಕ ನಿತಿನ್ ಲೂಕೋಸ್ ಅವರೇ ಬಹಿರಂಗವಾಗಿ ಹೇಳಿದರು. ಆಸ್ಕರ್ ಪುರಸ್ಕೃತ ರಸೂಲ್ ಪೂಕುಟ್ಟಿಯವರೂ ಈ ವಿಷಯವನ್ನು ಪ್ರಸ್ತಾಪಿಸಿದರು. ‘ಸ್ಥಳದಲ್ಲಿ ಧ್ವನಿ ಮುದ್ರಿಸಿದ್ದೇವೆ’ ಎಂಬ ಮಾತಷ್ಟೇ ಸಾಲದೆಂಬುದು ಇದರಿಂದ ಸ್ಪಷ್ಟ.

ಆದಕಾರಣ ಬಂಡವಾಳ ಹೂಡುವವರು ಕರಾರುಪತ್ರದಲ್ಲಿ ಈ ಅಂಶಗಳನ್ನು ಬರೆಯಿಸಿಕೊಳ್ಳುವುದು ಒಳಿತು:

1. ಪ್ರೇಕ್ಷಕರು ಅಂತಿಮವಾಗಿ ಕೇಳುವ ಸಂಭಾಷಣೆ ಎಲ್ಲಿ ಮುದ್ರಿತವಾದದ್ದು?
2. ಧ್ವನಿ ತಂಡದ ಸಂಭಾವನೆ ಎಷ್ಟು ದಿನಗಳಿಗೆ?
3. ಧ್ವನಿ ಕೆಟ್ಟ ದೃಶ್ಯಗಳ ಡಬ್ಬಿಂಗ್ ವೆಚ್ಚ ಯಾರದು?
4. ಮೂಲ ಧ್ವನಿಮುದ್ರಿಕೆಯ ಎರಡು ಪ್ರತಿಗಳು ಯಾರ ವಶದಲ್ಲಿರಬೇಕು?

ಸರಕಿನ ವಿವರಣೆ ಬಿಲ್ಲಿನಲ್ಲಿ ನಿಖರವಾಗಿರಬೇಕೆಂಬ ವ್ಯಾಪಾರದ ನಿಯಮ ಧ್ವನಿಗೂ ಅನ್ವಯಿಸುತ್ತದೆ.