ಚುಚ್ಚುವ ಉಣ್ಣೆ, ಬಾಳುವ ಬಟ್ಟೆ

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯಲ್ಲಿ ಚೆವಿಯಟ್ ಎಂಬ ಗುಡ್ಡಸಾಲು ಇದೆ. ಹುಲ್ಲು, ಗಾಳಿ, ಮಳೆಗೆ ಅಲ್ಲಿ ಬರವಿಲ್ಲ. ಅಲ್ಲಿನ ಕುರಿಯೂ ಚೆವಿಯಟ್, ಅದರ ಉಣ್ಣೆಯಿಂದ ನೇಯುವ ದಪ್ಪನೆಯ ಕೋಟಿನ ಬಟ್ಟೆಯೂ ಚೆವಿಯಟ್. ಕುರಿಯ ಮುಖ, ಕಾಲುಗಳು ಬಿಳಿ, ಅಲ್ಲಿ ಉಣ್ಣೆ ಬೆಳೆಯುವುದಿಲ್ಲ. ಮೂಗು, ಗೊರಸು ಕಪ್ಪು. ಕಿವಿ ನಿಮಿರಿಸಿ ನಿಂತರೆ ಯಾರನ್ನೂ ನಂಬದ ಪ್ರಾಣಿಯಂತೆ ಕಾಣುತ್ತದೆ.

ಈ ಬಟ್ಟೆ ಕೈಗೆ ಒರಟು. ಬರಿಮೈಗೆ ತಾಗಿದರಂತೂ ಕಡಿತವೇ ಕಡಿತ. ‘ನನಗೆ ಉಣ್ಣೆ ಅಲರ್ಜಿ’ ಎನ್ನುವವರ ಪೈಕಿ ಹೆಚ್ಚಿನವರಿಗೆ ಇರುವುದು ಅಲರ್ಜಿಯಲ್ಲ, ಎಳೆಯ ದಪ್ಪದ ಕಾಟ. ಚೆವಿಯಟ್ ಎಳೆ ಸುಮಾರು 30 ಮೈಕ್ರಾನ್ ದಪ್ಪ; ನುಣುಪಿಗೆ ಹೆಸರಾದ ಮೆರಿನೊ 20ರ ಆಸುಪಾಸು. ಒಂದೂವರೆ ಪಟ್ಟು ತಾನೇ ಎನ್ನಬೇಡಿ. ಎಳೆಯ ಬಿಗುವು ಏರುವುದು ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ. 1.5 ಅನ್ನು ಅದರಿಂದಲೇ ಗುಣಿಸುತ್ತ ನಾಲ್ಕನೇ ಘಾತಕ್ಕೆ ಹೋದರೆ ಉತ್ತರ ಐದನ್ನು ದಾಟುತ್ತದೆ. ಬಟ್ಟೆಯಿಂದ ಹೊರಚಾಚಿದ ಮೆರಿನೊ ತುದಿ ಚರ್ಮಕ್ಕೆ ತಗುಲಿದೊಡನೆ ಬಾಗಿಬಿಡುತ್ತದೆ. ಚೆವಿಯಟ್ ತುದಿ ಬಾಗದೆ ಒತ್ತುತ್ತದೆ, ಚರ್ಮದೊಳಗಿನ ನರತುದಿಗಳನ್ನು ಕೆಣಕುತ್ತದೆ. ಜೋಳದ ಕೂಳೆಯ ಮೇಲೆ ಬರಿಗಾಲಿಟ್ಟ ಹಾಗೆ!

ಇಷ್ಟಾದರೂ ದರ್ಜಿಗಳಿಗೆ ಇದೇ ಬೇಕು. ಒಳಗೊಂದು ಲೈನಿಂಗ್ ಕೊಟ್ಟರೆ ಚುಚ್ಚುವ ತಾಪತ್ರಯ ಮುಗಿಯಿತು. ಬಿಗುವು ಮಾತ್ರ ಕೋಟಿಗೆ ಉಳಿಯಿತು. ಎಳೆಗಳು ಸುರುಳಿಸುರುಳಿಯಾಗಿ ಬೆಳೆಯುವುದರಿಂದ ಒತ್ತಿದರೂ ಪುಟಿದೇಳುತ್ತವೆ, ಬಟ್ಟೆಯ ಸುಕ್ಕು ಬೇಗ ಬಿಡುತ್ತದೆ. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಚಳಿಯನ್ನು ತಡೆಯುತ್ತದೆ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಉಣ್ಣೆ ಒದ್ದೆ ಎನಿಸದು. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ತುಂತುರು ಮಳೆಯ ನಾಡಿಗೆ ಇನ್ನೇನು ಬೇಕು? ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಜನ ಮನೆಯ ಮಗ್ಗದಲ್ಲೇ ನೇಯುವ ಹ್ಯಾರಿಸ್ ಟ್ವೀಡ್‌ಗೂ ಈ ಉಣ್ಣೆ ಸೇರುತ್ತದೆ.

ಕುರಿಯೂ ಗಟ್ಟಿಪಿಂಡ. ವರ್ಷವಿಡೀ ಬಯಲಲ್ಲೇ ಮೇಯಬಲ್ಲದು. 1790ರ ದಶಕದ ಆರಂಭದಲ್ಲಿ ಜಮೀನ್ದಾರ ಸರ್ ಜಾನ್ ಸಿಂಕ್ಲೇರ್ ಇದನ್ನು ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್ನೆಸ್‌ಗೆ ಒಯ್ದರು. ಆ ಚಳಿಯಲ್ಲೂ ಅದು ಬದುಕಿತು, ಹೆಚ್ಚಿತು. ಗೇಣಿ ರೈತರಿಗಿಂತ ಕುರಿ ಸಾಕುವವರಿಂದ ಹೆಚ್ಚು ಗೇಣಿ ಹುಟ್ಟುತ್ತದೆಂದು ಜಮೀನ್ದಾರರಿಗೆ ಗೊತ್ತಾಗಿದ್ದೇ ತಡ, ಕಣಿವೆಗಳಿಂದ ಒಕ್ಕಲೆಬ್ಬಿಸುವುದು ಜೋರಾಯಿತು. 1792ರಲ್ಲಿ ಉತ್ತರ ಸ್ಕಾಟ್ಲೆಂಡಿನದೇ ರಾಸ್ ಸೀಮೆಯ ಜನ ಒಟ್ಟಾಗಿ ಕುರಿಹಿಂಡುಗಳನ್ನೇ ದಕ್ಷಿಣಕ್ಕೆ ಅಟ್ಟಿಕೊಂಡು ಹೊರಟರು. ಸೈನಿಕರು ಬಂದು ಅವರನ್ನು ಚದುರಿಸಿದರು. ಕುರಿಗಳು ಮತ್ತೆ ಅದೇ ಕಣಿವೆ ಸೇರಿದವು.